ಎರಡು ಹಡಗಿನ ದುರ್ಗಯ್ಯ

ತಿಪಟೂರು, ಶೆಟ್ಟಿಕೆರೆ ಸುತ್ತಿನ ಅಟ್ಟಗಳಲ್ಲಿ ದುರ್ಗಯ್ಯನ ಕಿವಿಗೆ ಇರುವ ಬೆಲೆ ಬೇರೆ ಯಾರ ಕಣ್ಣಿಗೂ ಇಲ್ಲ. ನಮ್ಮ ಕಡೆ ಕೊಬ್ಬರಿ ಅವಸರದ ಬಾಬತ್ತಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಅದರ ಪಾಡಿಗೆ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಿ ಒಳಗೇ ಉರುಳಬೇಕು. ಹೊರಗಿನಿಂದ ನೋಡಿದರೆ ಒಣಗಿದ ಕಾಯಿಯೂ ಒಂದೇ, ಹಸಿ ಕಾಯಿಯೂ ಒಂದೇ. ದುರ್ಗಯ್ಯ ಏಣಿ ಹತ್ತಿ, ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿ ಹೇಳುತ್ತಾನೆ. ಅವನು ‘ಆಗೈತೆ’ ಅಂದರೆ ಸುಲಿಯುವವರನ್ನು ಕರೆಸುತ್ತಾರೆ. ‘ಇನ್ನೊಂದು ತಿಂಗ್ಳು ಬುಡು’ ಅಂದರೆ ಏಣಿ ತೆಗೆದಿಡುತ್ತಾರೆ. ಅವನ ಮಾತು ಮೀರಿ ಒಡೆಸಿ, ಕೌಟು ಹಿಡಿದ ಕೊಬ್ಬರಿ ಮುಂದಿಟ್ಟುಕೊಂಡು ತಲೆ ಮೇಲೆ ಕೈ ಹೊತ್ತವರು ಊರಿಗಿಬ್ಬರಾದರೂ ಇದ್ದಾರೆ.

ಅಟ್ಟದ ಮೇಲೆ ಅನ್ನ ಕೊಟ್ಟ ಈ ನಿಧಾನದ ಗುಣವೇ ಕೆಳಗಿಳಿದರೆ ಶನಿ. ಅಂಗಡಿಯವನು ಎರಡು ಪಂಚೆ ಮುಂದಿಟ್ಟರೆ ದುರ್ಗಯ್ಯನಿಗೆ ಮಧ್ಯಾಹ್ನವಾಗುತ್ತಿತ್ತು. ಹಸು ಕೊಳ್ಳಲು ಸಂತೆಗೆ ಹೋದರೆ ಹಗ್ಗ ಮಾತ್ರ ಹಿಡಿದುಕೊಂಡು ಬರುತ್ತಿದ್ದ. ಯಾರಾದರೂ ಅವಸರಪಡಿಸಿದರೆ, ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಗಾದೆ ಬಿಡುತ್ತಿದ್ದ. ನಿಧಾನಗಾರನ ಬುದ್ಧಿಯ ಬಗ್ಗೆ ಗಾದೆ ಕಟ್ಟಿದವರು ಯಾಕೆ ಬಾಯಿ ಮುಚ್ಚಿಕೊಂಡಿದ್ದರೋ ನನಗೆ ತಿಳಿಯದು.

ಅವನ ಮದುವೆಯ ಕತೆ ಊರಲ್ಲಿ ಈಗಲೂ ನಗೆಯ ಸರಕು. ಹೆಣ್ಣು ನೋಡಲು ಕಂದಿಕೆರೆಗೆ ಹೋದಾಗ ಆ ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳು ಇಬ್ಬರಿದ್ದರು, ಅಕ್ಕ ಮಂಜಮ್ಮ ಮತ್ತು ತಂಗಿ ಪುಟ್ಟಗಂಗಮ್ಮ. ಒಂದೂವರೆ ವರ್ಷದ ಅಂತರ, ಒಂದೇ ಅಚ್ಚಿನ ಮುಖ. ತಿಂಡಿ ಒಬ್ಬಳು ತಂದಳು, ನೀರು ಒಬ್ಬಳು ತಂದಳು. ಯಾರನ್ನು ಒಪ್ಪಿದರೂ ಕೊಡುತ್ತೇವೆ ಎಂದು ಆ ಮನೆಯವರು ದೊಡ್ಡ ಮನಸ್ಸು ಮಾಡಿ ಹೇಳಿದ್ದೇ ತಪ್ಪಾಯಿತು. ಯೋಚನೆ ಮಾಡಿ ಹೇಳುತ್ತೇನೆಂದು ಬಂದ ದುರ್ಗಯ್ಯ ನಾಲ್ಕು ತಿಂಗಳು ಯೋಚನೆ ಮಾಡಿದ. ಅಷ್ಟರಲ್ಲಿ ಮಂಜಮ್ಮನನ್ನು ಹುಳಿಯಾರಿನವರು ಬಂದು ಮಾಡಿಕೊಂಡು ಹೋದರು. ಉಳಿದವಳಿಗೆ ದುರ್ಗಯ್ಯ ತಾಳಿ ಕಟ್ಟಿದ. ಮೂವತ್ತೆಂಟು ವರ್ಷ ಚೆನ್ನಾಗಿಯೇ ಬಾಳಿದರು, ಅದರಲ್ಲಿ ಎರಡು ಮಾತಿಲ್ಲ.

ಕಳೆದ ವರ್ಷ ಗೌರಿ ಹಬ್ಬಕ್ಕೆ ಮುಂಚೆ ಪುಟ್ಟಗಂಗಮ್ಮ ಹಿತ್ತಿಲಲ್ಲಿ ಎಡಗಡೆಗೆ ಕಟ್ಟಿದ್ದ ಕರುವನ್ನು ಕಾಣದೆ ಅದರ ಮೇಲೆಯೇ ಬಿದ್ದಳು. ಒಂದೇ ಮಗಳು ಪವಿತ್ರಾ, ತುರುವೇಕೆರೆಯಲ್ಲಿ ಹೈಸ್ಕೂಲ್ ಟೀಚರ್, ಅಮ್ಮನನ್ನು ತುಮಕೂರಿನ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಬಹಳ ಹೊತ್ತು ನೋಡಿದರು. ಕಣ್ಣಿನ ಒಳಗಿನ ನರ ಒಣಗಿದೆ, ಸುತ್ತಲಿನ ನೋಟ ಎಂದೋ ಹೋಗಿದೆ, ನಡುವೆ ಕೊಳವೆಯಲ್ಲಿ ನೋಡಿದ ಹಾಗೆ ಒಂದಿಷ್ಟು ಉಳಿದಿದೆ ಅಂದರು. ಹೋದದ್ದು ಬರುವುದಿಲ್ಲ, ಇರುವುದನ್ನು ಹನಿ ಔಷಧ ಹಾಕಿ ಸ್ವಲ್ಪ ಕಾಲ ಹಿಡಿದಿಟ್ಟುಕೊಳ್ಳಬಹುದು. ಎಷ್ಟು ಕಾಲ ಎಂದು ಜೊತೆಗೆ ಹೋಗಿದ್ದ ದುರ್ಗಯ್ಯ ಕೇಳಿದ. ದೀಪಾವಳಿಯ ತನಕ ಧೈರ್ಯವಾಗಿ ಹೇಳುತ್ತೇನೆ, ಆಮೇಲೆ ಹೇಳಲಾರೆ, ಏನಾದರೂ ನೋಡಬೇಕು ಅಂತ ಆಸೆ ಇದ್ದರೆ ತೋರಿಸಿಬಿಡಿ ಎಂದು ಡಾಕ್ಟರು ಹೇಳಿದರು.

ಮನೆಗೆ ಬಂದ ಮೇಲೆ ಪವಿತ್ರಾ ಅಮ್ಮನ ಪಕ್ಕ ಕೂತು, ಏನು ನೋಡಬೇಕು ಹೇಳು ಎಂದು ಒತ್ತಾಯ ಮಾಡಿದಳು. ಜೀವಮಾನದಲ್ಲಿ ಇದು ಬೇಕು ಅಂತ ಬಾಯಿ ಬಿಟ್ಟ ಹೆಂಗಸಲ್ಲ ಅದು. ಮಗಳ ಫೋನಿನಲ್ಲಿ ಆಗ ಯಾವುದೋ ವಿಡಿಯೋ ಓಡುತ್ತಿತ್ತು: ಬಿಳೀ ಹಡಗು, ಅದರ ಸುತ್ತ ಕೊನೆಯೇ ಕಾಣದ ನೀರು. ಪುಟ್ಟಗಂಗಮ್ಮ ಅದನ್ನು ಮೂಗಿನ ಹತ್ತಿರ ಹಿಡಿದುಕೊಂಡು ನೋಡಿದಳು.

“ಸಮುದ್ರ ನೋಡಬೇಕು ಕಣವ್ವ. ನಾನು ನೋಡೇ ಇಲ್ಲ.”

ಅಷ್ಟೇ ಅವಳು ಕೇಳಿದ್ದು. ಉಳಿದದ್ದೆಲ್ಲ ಅಪ್ಪ ಮಗಳು ಸೇರಿ ಕಟ್ಟಿದ್ದು. ಅಮ್ಮನನ್ನು ಆ ಹಡಗಿನಲ್ಲೇ ನಾಲ್ಕು ದಿನ ನೀರಿನ ನಡುವೆ ಕೂರಿಸಿಕೊಂಡು ಬರೋಣ ಎಂದು ಪವಿತ್ರಾ ಹೊರಟಳು. ಖರ್ಚು ತನ್ನದು, ಅಪ್ಪ ಬಾಯಿ ಹಾಕಬಾರದು ಎಂದು ಮೊದಲೇ ಕಟ್ಟುನಿಟ್ಟು ಮಾಡಿದಳು. ಅವನ ಪಾಲಿಗೆ ಒಂದೇ ಕೆಲಸ ಬಿಟ್ಟಳು. ಮುಂಬೈಯಿಂದ ಹೊರಡುವ ಹಡಗು ಎರಡಿದ್ದವು, ಸಾಗರ್ ಮಾಲಿನಿ ಮತ್ತು ಸಾಗರ್ ಶಾಲಿನಿ. ಎರಡರಲ್ಲಿ ಯಾವುದು ಅಂತ ಅಪ್ಪ ಹೇಳಬೇಕು. ಅಪ್ಪನಿಗೆ ಗೌರವ ಕೊಟ್ಟೆ ಅಂದುಕೊಂಡಿದ್ದಳು ಪಾಪ.

ಒಂದೇ ಕಂಪನಿ, ಒಂದೇ ಬಿಳೀ ಬಣ್ಣ, ಎರಡಕ್ಕೂ ಹನ್ನೊಂದು ಅಂತಸ್ತು. ಮಾಲಿನಿಯ ಹೊಗೆ ಕೊಳವೆಗೆ ಕೆಂಪು ಪಟ್ಟಿ, ಶಾಲಿನಿಗೆ ನೀಲಿ ಪಟ್ಟಿ. ಮಾಲಿನಿ ಸೋಮವಾರ ಹೊರಡುತ್ತದೆ, ಶಾಲಿನಿ ಶುಕ್ರವಾರ. ಇಷ್ಟು ಬಿಟ್ಟರೆ ಹೆತ್ತ ತಾಯಿಗೂ ಗುರುತು ಸಿಗದಂಥ ಅವಳಿ ಜವಳಿ.

“ಎರಡೂ ಒಂದೇ ಕಣಪ್ಪ. ಯಾವುದೋ ಒಂದು ಹೇಳು, ಇವತ್ತೇ ಬುಕ್ ಮಾಡ್ತೀನಿ,” ಅಂದಳು ಪವಿತ್ರಾ.

“ಹೊರಗಿಂದ ನೋಡಿದ್ರೆ ಎಲ್ಲಾ ಕಾಯೂ ಒಂದೇ ಕಣವ್ವ,” ಅಂದ ದುರ್ಗಯ್ಯ. “ಇನ್ನೊಂದು ಸಲ ನೋಡೋ ಹಂಗಿದ್ರೆ ನಾನೂ ಯಾವ್ದೋ ಒಂದು ಅಂತಿದ್ದೆ. ಅವಳು ನೋಡೋದು ಇದೊಂದೇ ಸಲ. ಕೆಟ್ಟದ್ದು ಬಿದ್ರೆ ಏನು ಮಾಡ್ಲಿ?”

ಅವನನ್ನು ಬರೀ ಸೋಮಾರಿ ಅಂತಲೋ ಪುಕ್ಕಲ ಅಂತಲೋ ತಿಳಿಯಬಾರದು. ಹೆಂಡತಿಯ ಕಣ್ಣಿಗೆ ಬೀಳುವ ಕೊನೆಯ ದೊಡ್ಡ ನೋಟ ತಾನು ಆರಿಸಿದ್ದು ಎಂಬ ಭಾರ ಅವನ ಎದೆಯ ಮೇಲೆ ಕೂತುಬಿಟ್ಟಿತ್ತು. ಅಂದಿನಿಂದ ಅವನು ಒಂದು ದಿನವೂ ನೆಟ್ಟಗೆ ಊಟ ಮಾಡಲಿಲ್ಲ.

ಮಗಳು ಫೋನಿನಲ್ಲಿ ಹಾಕಿಕೊಟ್ಟ ವಿಡಿಯೋಗಳನ್ನು ಅವನು ಅಟ್ಟದ ಏಣಿಯ ಮೇಲೆ ಕೂತು ನೋಡಿದ. ಕೆಲಸಕ್ಕೆ ಕರೆದವರು ಕೆಳಗೆ ನಿಂತು ಕೆಮ್ಮಿದರೂ ಏಳಲಿಲ್ಲ. ಮಾಲಿನಿಯ ಊಟದ ಮನೆಯಲ್ಲಿ ಕಿಟಕಿ ದೊಡ್ಡವು. ಶಾಲಿನಿಯ ಮೆಟ್ಟಿಲಿಗೆ ಎರಡೂ ಕಡೆ ಹಿಡಿಕೆ, ನೋಟ ಕಡಿಮೆಯಾದವಳಿಗೆ ಅದು ಒಳ್ಳೆಯದು. ಒಂದರಲ್ಲಿ ಬೆಳಗಿನ ಸೂರ್ಯ ರೂಮಿನಿಂದಲೇ ಕಾಣುತ್ತಾನಂತೆ, ಇನ್ನೊಂದರಲ್ಲಿ ಮೇಲಕ್ಕೆ ಹತ್ತಬೇಕಂತೆ. ಆದರೆ ಯಾವುದನ್ನೂ ಕೈಗೆತ್ತಿಕೊಂಡು ಅಲ್ಲಾಡಿಸಿ ನೋಡುವ ಹಾಗಿರಲಿಲ್ಲ. ದೀಪಾವಳಿಯ ಹೊತ್ತಿಗೆ ಅವನು ಆ ಎರಡು ಹಡಗಿನ ಬಗ್ಗೆ ಅವುಗಳ ಕಪ್ತಾನರಿಗಿಂತ ಹೆಚ್ಚು ತಿಳಿದಿದ್ದ. ಹೇಳಬೇಕಾದ ಒಂದು ಹೆಸರು ಮಾತ್ರ ಬಾಯಿಗೆ ಬಂದಿರಲಿಲ್ಲ. ಊರವರು ಅವನಿಗೆ ‘ಎರಡು ಹಡಗಿನ ದುರ್ಗಯ್ಯ’ ಎಂದು ಹೆಸರಿಟ್ಟರು. ಎರಡು ದೋಣಿ ಮೇಲೆ ಕಾಲಿಟ್ಟವರನ್ನು ಕಂಡಿದ್ದೆವು, ಎರಡು ಹಡಗಿನ ಮೇಲೆ ಇಟ್ಟವನು ಇವನೊಬ್ಬನೇ ಎಂದು ಟೀ ಅಂಗಡಿಯಲ್ಲಿ ನಗಾಡಿದರು.

ಪ್ರತಿದಿನ ಬೆಳಿಗ್ಗೆ ಅವನದೊಂದು ಪರೀಕ್ಷೆ ಇರುತ್ತಿತ್ತು. ಪುಟ್ಟಗಂಗಮ್ಮ ಒಲೆಯ ಮುಂದೆ ಕೂತಿರುವಾಗ ಬಾಗಿಲಲ್ಲಿ ನಿಂತು ಕೈ ಎತ್ತಿ ಬೆರಳು ತೋರಿಸಿ, “ಎಷ್ಟು?” ಅನ್ನುತ್ತಿದ್ದ. ಅವಳು ತಿರುಗಿ ನೋಡಿ “ಮೂರು” ಅನ್ನುತ್ತಿದ್ದಳು. ಅವನ ಎದೆ ತಣ್ಣಗಾಗುತ್ತಿತ್ತು. ಇನ್ನೂ ಕಾಲವಿದೆ, ಇನ್ನೆರಡು ದಿನ ವಿಚಾರಿಸಬಹುದು ಎಂದು ಫೋನು ತೆಗೆದುಕೊಂಡು ಏಣಿಗೆ ಹೋಗುತ್ತಿದ್ದ.

ಕಾರ್ತೀಕದ ನಡುವೆ ಪವಿತ್ರಾ ತಾಳ್ಮೆಗೆಟ್ಟು ತಾನೇ ಮಾಲಿನಿಯನ್ನು ಬುಕ್ ಮಾಡಿಬಿಟ್ಟಳು. ಅಮ್ಮನಿಗೆ ಹೊಸ ಸ್ವೆಟರ್ ಕೂಡ ತಂದಳು. ದುರ್ಗಯ್ಯ ಆಗಲಿ ಅಂದ, ಒಂದು ರಾತ್ರಿ ಚೆನ್ನಾಗಿ ನಿದ್ದೆಯನ್ನೂ ಮಾಡಿದ. ಮಾರನೆಯ ದಿನ ತಿಪಟೂರಿನಲ್ಲಿ ಪಂಪ್‌ಸೆಟ್ ಅಂಗಡಿಯ ಹಾಲಸ್ವಾಮಿ ಸಿಕ್ಕಬೇಕೇ. ಅವನನ್ನು ಪಂಪ್ ಕಂಪನಿಯವರು ಹಿಂದಿನ ವರ್ಷ ಅದೇ ಮಾಲಿನಿಯಲ್ಲಿ ಕರೆದುಕೊಂಡು ಹೋಗಿದ್ದರು. ಊಟ ಭರ್ಜರಿ, ಆದರೆ ನಮ್ಮ ರೂಮಿನ ಕಿಟಕಿಗೆ ಅಡ್ಡವಾಗಿ ಆಪತ್ತಿಗೆಂದು ಇಡುವ ಒಂದು ದೋಣಿ ನೇತು ಹಾಕಿದ್ದರು, ಕೈ ಚಾಚಿ ಅದರ ಬೆನ್ನು ಕೆರೆಯುವಷ್ಟು ಹತ್ತಿರ, ನೀರೇ ಕಾಣುತ್ತಿರಲಿಲ್ಲ ಎಂದು ಹಾಲಸ್ವಾಮಿ ಅಂದ. ಅವನೇನೋ ತಮಾಷೆಗೆ ಹೇಳಿದ್ದು. ದುರ್ಗಯ್ಯ ಅಲ್ಲೇ ನಿಂತು ಮಗಳಿಗೆ ಫೋನ್ ಮಾಡಿ ಬುಕಿಂಗ್ ರದ್ದು ಮಾಡಿಸಿದ.

ಆ ಭಾನುವಾರ ಪವಿತ್ರಾ ಬಂದವಳು ಚಪ್ಪಲಿ ಬಿಡುವ ಮೊದಲೇ ಜಗಳಕ್ಕೆ ನಿಂತಳು. ಡಾಕ್ಟರು ಹೇಳಿದ ಗಡುವು ದಾಟಿ ಮೂರು ವಾರವಾಯಿತು, ನೀನು ಮೀನಮೇಷ ಎಣಿಸುತ್ತ ಕೂತಿದ್ದೀಯ, ಅಮ್ಮನ ಕಣ್ಣು ನಿನ್ನ ಅಟ್ಟದ ಕಾಯಲ್ಲ, ಕಾದರೆ ಹದವಾಗುವುದಲ್ಲ, ಕಾದರೆ ಹೋಗುವುದು ಎಂದು ಅತ್ತಳು. ದುರ್ಗಯ್ಯ ತಲೆ ತಗ್ಗಿಸಿ ಕೇಳಿಸಿಕೊಂಡ. ಮಗಳು ಹೇಳಿದ್ದು ಸರಿ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಾಲಿಗೆ ಏಳುತ್ತಿರಲಿಲ್ಲ. ಮಾಲಿನಿ ಅನ್ನಲು ಹೋದರೆ ಶಾಲಿನಿಯ ಮೆಟ್ಟಿಲ ಹಿಡಿಕೆ ಕಣ್ಣಿಗೆ ಬರುತ್ತಿತ್ತು, ಶಾಲಿನಿ ಅನ್ನಲು ಹೋದರೆ ಮಾಲಿನಿಯ ದೊಡ್ಡ ಕಿಟಕಿ.

ಪುಟ್ಟಗಂಗಮ್ಮ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದು ಹೊಸ್ತಿಲಲ್ಲಿ ಕೂತಳು. ಬಹಳ ಮೆಲ್ಲಗೆ ಮಾತಾಡಿದಳು.

“ಬುಡು ಪವಿತ್ರಾ. ನಿಮ್ಮಪ್ಪ ನನ್ನನ್ನೂ ಆರಿಸಲಿಲ್ಲ. ಅಕ್ಕ ಹೋದ ಮ್ಯಾಲೆ ಉಳಿದೋಳು ನಾನು. ಈ ಸಲನಾದ್ರೂ ನನಗೆ ಅಂತ ಏನೋ ಒಂದು ಆರಿಸ್ತಾರೇನೋ, ನೋಡಾನ.”

ಮೂವತ್ತೆಂಟು ವರ್ಷದಲ್ಲಿ ಈ ಮಾತು ಅವಳ ಬಾಯಿಂದ ಬಂದದ್ದು ಇದೇ ಮೊದಲು. ಊರೆಲ್ಲ ನಕ್ಕ ಕತೆಗೆ ಅವಳೂ ನಗುತ್ತಿದ್ದಳು, ಆದ್ದರಿಂದ ಅದು ಅವಳಿಗೆ ಚುಚ್ಚುತ್ತದೆ ಎಂದು ದುರ್ಗಯ್ಯನಿಗೆ ಹೊಳೆದೇ ಇರಲಿಲ್ಲ. ಅವನು ಎದ್ದು ಹಿತ್ತಿಲಿಗೆ ಹೋಗಿ ತೆಂಗಿನ ಮರಕ್ಕೆ ಹಣೆ ಕೊಟ್ಟು ನಿಂತುಕೊಂಡ. ಒಳ್ಳೆಯ ಗಂಡಸಾಗಿದ್ದರೆ ಅಲ್ಲಿಂದಲೇ ಕೂಗಿ ಒಂದು ಹೆಸರು ಹೇಳಬೇಕಿತ್ತು. ಇವನು ಆ ಮಾತು ಕೇಳಿದ ಮೇಲೆ ಇನ್ನಷ್ಟು ಹೆದರಿದ. ಬರೀ ಸಮುದ್ರ ತೋರಿಸುವುದಾಗಿದ್ದರೆ ಸುಲಭವಿತ್ತು, ಈಗ ಮೂವತ್ತೆಂಟು ವರ್ಷದ ತಪ್ಪನ್ನೂ ಅದೇ ಹಡಗಿನಲ್ಲಿ ತೀರಿಸಬೇಕಾಯಿತು.

ಮತ್ತೆ ಅಳೆದು ಸುರಿಯುವುದು ಶುರುವಾಯಿತು. ಗೊತ್ತಿಲ್ಲದವರನ್ನೂ ಹಿಡಿದು ಕೇಳಿದ. ಮೀನು ಮಾರಲು ಬರುವವನನ್ನು ಕೇಳಿದ, ಅವನು ಕೆರೆ ಮೀನಿನವನು. ಬ್ಯಾಂಕಿನ ಹೊಸ ಮ್ಯಾನೇಜರು ಕಾರವಾರದವರು ಎಂದು ತಿಳಿದು ಅವರ ಟೇಬಲ್ ಮುಂದೆ ಅರ್ಧ ಗಂಟೆ ನಿಂತ. ಮನೆದೇವರ ಮುಂದೆ ಹೂವು ಕೇಳಿದ. ಬಲಗಡೆ ಬಿದ್ದರೆ ಮಾಲಿನಿ, ಎಡಗಡೆ ಬಿದ್ದರೆ ಶಾಲಿನಿ ಎಂದು ಕೈ ಮುಗಿದು ಕೂತರೆ ಹೂವು ಎಡಕ್ಕೂ ಬೀಳದೆ ಬಲಕ್ಕೂ ಬೀಳದೆ ಪೂಜಾರಿ ಇನ್ನೊಂದು ದಿನ ಬಾ ಅಂದ. ಬಡಕಲಾದ. ಅಟ್ಟದ ಮೇಲೆ ಎರಡು ಸಲ ತಪ್ಪು ಹೇಳಿದ. ಹಸಿ ಕಾಯಿಯನ್ನು ‘ಆಗೈತೆ’ ಅಂದುಬಿಟ್ಟ. ನಲವತ್ತು ವರ್ಷದಲ್ಲಿ ಹಾಗಾದದ್ದೇ ಇಲ್ಲ. ಕೆಲಸಕ್ಕೆ ಕರೆಯುವವರು ಕಡಿಮೆಯಾದರು. ಬೆಳಿಗ್ಗೆ ಎದ್ದು ಬಾಗಿಲಲ್ಲಿ ಕೈ ಎತ್ತಿದಾಗ ಒಳಗಿನಿಂದ “ಮೂರು” ಎಂದು ಬರುತ್ತಿದ್ದ ಆ ಒಂದು ಮಾತಿನ ಮೇಲೆ ಅವನು ಜೀವ ಹಿಡಿದುಕೊಂಡಿದ್ದ.

ಸಂಕ್ರಾಂತಿ ಕಳೆದು ಇಪ್ಪತ್ತು ದಿನವಾಗಿರಬೇಕು. ಬಚ್ಚಲ ಒಲೆಗೆಂದು ಒಣಗಿದ ಗರಿಯ ಹೊರೆಯನ್ನು ಎರಡೂ ತೋಳಿನಲ್ಲಿ ತಬ್ಬಿಕೊಂಡು ದುರ್ಗಯ್ಯ ಒಳಗೆ ಬಂದ. ಕಾಲು ಬಾಗಿಲಿಗೆ ಬಂದ ಕೂಡಲೇ ಬಾಯಿ ತನ್ನ ಅಭ್ಯಾಸಕ್ಕೆ “ಎಷ್ಟು?” ಅಂದಿತು.

ಪುಟ್ಟಗಂಗಮ್ಮ ರೊಟ್ಟಿ ತಟ್ಟುತ್ತಿದ್ದಳು. ಮುಖ ತಿರುಗಿಸಿ, ಅವನ ಕಡೆಗೇ ನೋಡುತ್ತ, “ಮೂರು,” ಅಂದಳು.

ದುರ್ಗಯ್ಯ ಹೊರೆಯನ್ನು ಸದ್ದಾಗದ ಹಾಗೆ ಕೆಳಗಿಟ್ಟ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಈಗೆಷ್ಟು ಗಂಗಿ?”

“ಮೂರೇ.”

ಅವನು ಯಾವಾಗಲೂ ಮೂರೇ ಬೆರಳು ತೋರಿಸುತ್ತಿದ್ದ. ಅದು ಅವನಿಗೇ ಗೊತ್ತಿರಲಿಲ್ಲ. ಅವಳಿಗೆ ಎಂದೋ ಗೊತ್ತಾಗಿತ್ತು.

ಅವನು ಒಲೆಯ ಮುಂದೆ ಕೂತ. ಯಾವಾಗ ಹೋಯಿತು ಎಂದು ಕೇಳಿದ. ಕಾರ್ತೀಕ ಮುಗಿದ ಮೇಲೆ ಮಂಜು ಕವಿದ ಹಾಗಾಯಿತು, ಸಂಕ್ರಾಂತಿಯ ದಿನ ಎಳ್ಳು ಬೀರಲು ಬಂದ ಮಕ್ಕಳ ಮುಖ ಕಾಣಲಿಲ್ಲ, ಈಗ ಬೆಳಕು ಯಾವುದು ಕತ್ತಲೆ ಯಾವುದು ಅಂತ ಮಾತ್ರ ತಿಳಿಯುತ್ತದೆ ಅಂದಳು. ಮನೆ ಕೈಗೆ ಗೊತ್ತು, ಒಲೆ ಕೈಗೆ ಗೊತ್ತು, ಹೇಗೋ ನಡೆಯಿತು. ಯಾಕೆ ಹೇಳಲಿಲ್ಲ ಎಂದು ಅವನು ಅವಳ ಹಿಟ್ಟಿನ ಕೈಯನ್ನೇ ಹಿಡಿದುಕೊಂಡು ಅತ್ತ.

“ಹೇಳಿದ್ರೆ ನೀವು ಆರಿಸೋದನ್ನೇ ಬುಟ್ಬುಡ್ತಿದ್ರಿ,” ಅಂದಳು ಪುಟ್ಟಗಂಗಮ್ಮ. “ಇವತ್ತು ಹೇಳ್ತೀರಾ, ನಾಳೆ ಹೇಳ್ತೀರಾ ಅಂತ ಕಾಯ್ತಿದ್ದೆ ಕಣ್ರೀ.”

ದುರ್ಗಯ್ಯ ಹಿಟ್ಟು ಮೆತ್ತಿದ ಕೈಯಲ್ಲೇ ಪವಿತ್ರಾಳಿಗೆ ಫೋನ್ ಮಾಡಿದ. ಅಮ್ಮನ ಕಣ್ಣು ಪೂರ್ತಿ ಹೋಗಿದೆ, ಬೆಳಕೊಂದು ಉಳಿದಿದೆ, ಇವತ್ತೇ ಹಡಗು ಬುಕ್ ಮಾಡು ಅಂದ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗೆ. ಆ ಕಡೆ ಬಹಳ ಹೊತ್ತು ಮಗಳು ಅಳುವುದು ಕೇಳಿಸಿತು. ಆಮೇಲೆ ಮೂಗು ಒರೆಸಿಕೊಂಡು ಒಂದೇ ಮಾತು ಕೇಳಿದಳು.

“ಯಾವುದಪ್ಪ?”

ದುರ್ಗಯ್ಯನ ಬಾಯಿ ತೆರೆಯಿತು. ಮಾತು ಬರಲಿಲ್ಲ. ದೇವರಾಣೆಗೂ ಬರಲಿಲ್ಲ. ಅವನು ಫೋನನ್ನು ಕಿವಿಗೆ ಒತ್ತಿಕೊಂಡು, ಕಣ್ಣೀರು ಸುರಿಸುತ್ತ, ಮಾಲಿನಿಯೋ ಶಾಲಿನಿಯೋ ಎಂದು ಆಗಲೂ ಒಳಗೇ ತೂಗುತ್ತಿದ್ದ. ಇಂಥವನನ್ನು ಬೈಯಬೇಕೋ ಅಪ್ಪಿಕೊಂಡು ಅಳಬೇಕೋ ನನಗಂತೂ ತಿಳಿಯುವುದಿಲ್ಲ. ಪುಟ್ಟಗಂಗಮ್ಮ ತಡವರಿಸಿ ಅವನ ಕಿವಿಯಿಂದ ಫೋನ್ ತೆಗೆದುಕೊಂಡಳು. ಹಡಗು ಬೇಡ ಬುಡವ್ವ, ಆಮೇಲೆ ಮಾತಾಡಾನ ಎಂದು ಮಗಳಿಗೆ ಹೇಳಿ ಫೋನನ್ನು ಅವನ ಮಡಿಲಿಗೆ ಹಾಕಿದಳು.

“ನಾನು ಹಡಗು ಕೇಳಿರಲಿಲ್ಲ ಕಣ್ರೀ. ಸಮುದ್ರ ಅಂದಿದ್ದೆ. ಎರಡು ಹಡಗಿನ ಕೆಳಗೂ ಇದ್ದಿದ್ದು ಒಂದೇ ನೀರಲ್ವಾ?”

ಐದು ತಿಂಗಳಲ್ಲಿ ಇದು ದುರ್ಗಯ್ಯನಿಗೆ ಹೊಳೆದಿರಲಿಲ್ಲ, ಓದಿದ ಮಗಳಿಗೂ ಹೊಳೆದಿರಲಿಲ್ಲ. ಧರ್ಮಸ್ಥಳಕ್ಕೆ ಅವರು ಮೂರು ಸಲ ಹೋಗಿ ಬಂದಿದ್ದರು. ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಎರಡು ಗಂಟೆ ಕೂತಿದ್ದರೆ ಸಮುದ್ರ. ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಹಾಸನ, ಮಂಗಳೂರು ಎಂದು ಕಂಡಕ್ಟರು ಕೂಗುವುದನ್ನು ಅವನು ಹಾಲಸ್ವಾಮಿ ಸಿಕ್ಕಿದ ದಿನವೂ ಕೇಳಿದ್ದ. ಹೆಸರಾದ ಕಿವಿ ಅದೊಂದನ್ನು ಕೇಳಿಸಿಕೊಳ್ಳಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ಅವನು ಹೆಂಡತಿಯ ಕೈ ಹಿಡಿದುಕೊಂಡು ಬಂದ ಮೊದಲ ಬಸ್ಸಿಗೆ ಹತ್ತಿದ. ಕಿಟಕಿ ಕಡೆ ಸೀಟು ಯಾವುದು, ಬಿಸಿಲು ಯಾವ ಕಡೆ ಬರುತ್ತದೆ ಎಂದು ಕೇಳಲಿಲ್ಲ. ಪುಟ್ಟಗಂಗಮ್ಮ ಮಗಳು ತಂದಿದ್ದ ಸ್ವೆಟರ್ ಹಾಕಿಕೊಂಡಿದ್ದಳು. ಹಾಸನದಲ್ಲಿ ಬಸ್ಸು ಬದಲಾಯಿಸಿದರು. ಘಾಟಿಯಲ್ಲಿ ಅವಳಿಗೆ ವಾಂತಿಯಾಯಿತು, ನಿಂಬೆಹಣ್ಣು ಮೂಸಲು ಕೊಟ್ಟ. ದಾರಿಯುದ್ದಕ್ಕೂ ಬೇಗ ಹೋಗಲಿ ಬೇಗ ಹೋಗಲಿ ಎಂದು ಅವನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಕೂತಿದ್ದ. ಉಳಿದ ಆ ಚೂರು ಬೆಳಕೂ ದಾರಿಯಲ್ಲಿ ಆರಿಹೋದೀತು ಎಂಬ ಭಯ.

ಮಂಗಳೂರಿನ ಕಡಲ ತೀರಕ್ಕೆ ಆಟೋ ಮಾಡಿಕೊಂಡು ಬಂದಾಗ ನಾಲ್ಕು ಗಂಟೆ. ದಡದಲ್ಲಿ ತೆಂಗಿನ ಮರಗಳಿದ್ದವು. ಕಾಯಿ ನಮ್ಮ ಕಡೆಯಷ್ಟು ಒತ್ತಾಗಿರಲಿಲ್ಲ. ದೂರದಲ್ಲಿ, ನೀರು ಆಕಾಶ ಸೇರುವಲ್ಲಿ, ಒಂದು ಹಡಗು ನಿಂತಿತ್ತು. ಹಾಳಾದ ಅಭ್ಯಾಸ, ಅದರ ಪಟ್ಟಿ ಕೆಂಪೋ ನೀಲಿಯೋ ಎಂದು ದುರ್ಗಯ್ಯ ಮೊದಲು ಅದನ್ನೇ ನೋಡಿದ. ಆಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಗಿ ಕಣ್ಣು ತೆಗೆದ. ಹೆಂಡತಿಯ ಚಪ್ಪಲಿ ಬಿಚ್ಚಿಸಿ ಕೈಯಲ್ಲಿ ಹಿಡಿದುಕೊಂಡು, ಅವಳನ್ನು ಹಸಿ ಮರಳಿನವರೆಗೆ ನಡೆಸಿಕೊಂಡು ಹೋದ. ನೀರು ಬಂದು ಅವಳ ಕಾಲು ಮುಟ್ಟಿ ಹೋಯಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಮುಂದೆ ಬಂದಳು.

ಏನಾದರೂ ಕಾಣುತ್ತಿದೆಯಾ ಎಂದು ಕೇಳಿದ. ಮುಂದೆಲ್ಲ ಬೆಳ್ಳಗಿದೆ ಅಂದಳು.

“ನೀರು ಯಾವ ಬಣ್ಣ ಐತೆ?” ಎಂದು ಪುಟ್ಟಗಂಗಮ್ಮ ಕೇಳಿದಳು.

ದುರ್ಗಯ್ಯ ನೋಡಿದ. ಕಾಲ ಬುಡದಲ್ಲಿ ಮಣ್ಣಿನ ಬಣ್ಣ, ಅದರಾಚೆ ಹಸಿರು, ಇನ್ನೂ ಆಚೆ ನೀಲಿ, ಬಿಸಿಲು ಬಿದ್ದ ಕಡೆ ಯಾವ ಬಣ್ಣವೂ ಅಲ್ಲ. ಅವನ ತುಟಿ ತೆರೆದು ಹಾಗೇ ನಿಂತಿತು. ಅವಳು ಅವನ ತೋಳು ಹಿಡಿದಿದ್ದಳು. ಆ ಬೆರಳು ಕಾಯುತ್ತ ಬಿಗಿಯಾಗುತ್ತಿರುವುದು ಅವನಿಗೆ ತಿಳಿಯಿತು.

“ನೀಲಿ,” ಅಂದ.

ಅದು ಸರಿಯೋ ತಪ್ಪೋ ಅವನಿಗೆ ಗೊತ್ತಿರಲಿಲ್ಲ. ಪುಟ್ಟಗಂಗಮ್ಮ “ನೀಲಿ” ಎಂದು ತನಗೆ ತಾನೇ ಹೇಳಿಕೊಂಡು ತಲೆ ಆಡಿಸಿದಳು. ಅವಳು ಮುಖ ಮಾಡಿ ನಿಂತದ್ದು ನೀರಿನ ಕಡೆಗಾಗಿರಲಿಲ್ಲ, ಪಕ್ಕದ ಬಂಡೆಗಳಿಗೆ ಅಲೆ ಬಡಿಯುವ ಸದ್ದಿನ ಕಡೆಗಾಗಿತ್ತು. ದುರ್ಗಯ್ಯ ಅವಳ ಎರಡೂ ಭುಜ ಹಿಡಿದು ಸಮುದ್ರದ ಕಡೆಗೆ ತಿರುಗಿಸಿ ನಿಲ್ಲಿಸಿದ.